ಜನ್ಮಾಂತರವೂ ಪ್ರಮಾಣವೂ: ವಯನಾಡಿನಿಂದ ಒಂದು ನೋಟ

ಮೈಸೂರು ಸೀಮೆಯವರು ಭೀಮನ ಅಮಾವಾಸ್ಯೆಯೆಂದೂ ತುಳುನಾಡಿನವರು ಆಟಿಯ ಅಮಾವಾಸ್ಯೆಯೆಂದೂ ಆಚರಿಸುವ ದಿನವೇ ಮಲೆಯಾಳ ಸೀಮೆಯಲ್ಲಿ ಕರ್ಕಿಡಕ ವಾವು. ಅಂದು ಬ್ರಹ್ಮಗಿರಿಯ ಮಳೆಯನ್ನೂ ಜಿಗಣೆಗಳನ್ನೂ ಲೆಕ್ಕಿಸದೆ ಸಹಸ್ರಾರು ಮಂದಿ ತಿರುನೆಲ್ಲಿಗೆ ಬಂದು, ವಿಷ್ಣುದೇಗುಲದ ಹಿಂಬದಿಯ ಮೆಟ್ಟಿಲುಗಳನ್ನೇರಿ, ಪಾಪನಾಶಿನಿಯೆಂಬ ತೊರೆಯಲ್ಲಿ ಮಿಂದು, ಗತಿಸಿದವರಿಗೆ ಬಲಿಯನ್ನಿಕ್ಕುತ್ತಾರೆ. ಬರುವವರು ಮಲೆಯಾಳಿಗಳು ಮಾತ್ರವಲ್ಲ. ಬೆಟ್ಟದ ಆಚೆಯ ಕೊಡಗಿನವರೂ ಮೈಸೂರು ಕಡೆಯವರೂ ಇದ್ದಾರೆ. ಚೇರ ಅರಸನಾದ ಭಾಸ್ಕರರವಿಯ ಕಾಲದ ತಾಮ್ರಶಾಸನಗಳಲ್ಲಿಯೇ ತಿರುನೆಲ್ಲಿಯ ಹೆಸರು ಕಾಣುವುದರಿಂದ, ಈ ಕ್ಷೇತ್ರಕ್ಕೆ ಸಾವಿರ ವರ್ಷಗಳ ಇತಿಹಾಸವುಂಟೆಂಬುದು ನಿರ್ವಿವಾದ. ಬೆಟ್ಟದ ನೀರನ್ನು ದೇಗುಲಕ್ಕೆ ತರುವ ಕಲ್ಲುಕಂಬಗಳ ಮೇಲಣ ಉದ್ದನೆಯ ಕಲ್ಲುದೋಣಿಯನ್ನು ನೋಡಿದವರು ಮರೆಯಲಾರರು.

ಅಲ್ಲಿಂದ ಮಾನಂತವಾಡಿಯ ಮಾರ್ಗವಾಗಿ ಕಲ್ಪೆಟ್ಟೆಗೆ ಬಂದರೆ, ಸಮೀಪದ ಪುಳಿಯಾರುಮಲೆಯಲ್ಲಿ ಹದಿನಾಲ್ಕನೆಯ ತೀರ್ಥಂಕರನಾದ ಅನಂತನಾಥಸ್ವಾಮಿಯ ಬಸದಿ ಇದೆ. ಕನ್ನಡನಾಡಿನಿಂದ ಬಂದು ಇಲ್ಲಿ ನೆಲೆಸಿದ ಜೈನ ಗೌಡರ ಮನೆತನಗಳ ಭಕ್ತಿಗೆ ಅದು ಕೇಂದ್ರ. ಆ ಬಸದಿಯ ಸಿದ್ಧಾಂತಕ್ಕೂ ಪಾಪನಾಶಿನಿಯ ಆಚಾರಕ್ಕೂ ನಡುವೆ ಒಂದು ದಿನದ ದಾರಿಯೂ ಇಲ್ಲ. ಆದರೆ ವಿಚಾರದಲ್ಲಿ ಬಹಳ ಅಂತರವಿದೆ. ಜೈನಮತದ ಪ್ರಕಾರ ಜೀವವು ಒಂದು ದೇಹವನ್ನು ಬಿಟ್ಟ ಕೆಲವೇ ‘ಸಮಯ’ಗಳಲ್ಲಿ, ಎಂದರೆ ಕಣ್ಣೆವೆ ಇಕ್ಕುವುದಕ್ಕಿಂತಲೂ ಎಷ್ಟೋ ಪಾಲು ಮುನ್ನವೇ, ಇನ್ನೊಂದು ದೇಹವನ್ನು ಸೇರಿಬಿಡುತ್ತದೆ. ತೊರೆಯ ದಡದಲ್ಲಿ ಅನ್ನಕ್ಕಾಗಿ ಕಾದು ನಿಲ್ಲುವ ಪ್ರೇತಕ್ಕೆ ಅಲ್ಲಿ ಎಡೆಯೇ ಇಲ್ಲ. ಪುರಾಣಗಳು ಈ ತೊಡಕಿಗೆ ಒಂದು ಸಮಾಧಾನವನ್ನು ಹೇಳುತ್ತವೆ: ನಾಮಗೋತ್ರಗಳನ್ನು ಹೇಳಿ ಕೊಟ್ಟದ್ದು, ತಂದೆಯು ದೇವನಾಗಿ ಹುಟ್ಟಿದ್ದರೆ ಅಮೃತವಾಗಿಯೂ ಪಶುವಾಗಿ ಹುಟ್ಟಿದ್ದರೆ ಹುಲ್ಲಾಗಿಯೂ ಮುಟ್ಟುವುದಂತೆ. ಇಬ್ಬರೂ ಜನ್ಮಾಂತರವನ್ನು ನಂಬುವವರೇ. ಆದರೂ ಸತ್ತವನು ಈಗ ಎಲ್ಲಿದ್ದಾನೆಂಬ ಪ್ರಶ್ನೆಗೆ ಒಬ್ಬರ ಉತ್ತರವು ಇನ್ನೊಬ್ಬರಿಗೆ ಸಲ್ಲದು. ನಂಬುವವರೆಲ್ಲ ಒಂದು ಕಡೆ, ಸಂಶಯಿಗಳೆಲ್ಲ ಇನ್ನೊಂದು ಕಡೆ ಎಂದು ಈ ವಿಚಾರವನ್ನು ಹಂಚುವವರು ಈ ಸಂಗತಿಯನ್ನು ಗಮನಿಸಬೇಕು.

ವಯನಾಡಿಗೂ ಕನ್ನಡಕ್ಕೂ ಇರುವ ನಂಟನ್ನು ಈ ಸಂಚಿಕೆಯ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಹೊಯ್ಸಳ ವಿಷ್ಣುವರ್ಧನನ ವಿಜಯಗಳ ಪಟ್ಟಿಯಲ್ಲಿ ಬರುವ ‘ಬಯಲ್ನಾಡು’ ಇದೇ ನಾಡು. ಸುಲ್ತಾನ್ ಬತ್ತೇರಿಗೆ ಆ ಹೆಸರು ಬಂದದ್ದು ಟಿಪ್ಪುವು ಅಲ್ಲಿಯ ಜೈನಬಸದಿಯನ್ನು ಮದ್ದುಗುಂಡಿನ ಉಗ್ರಾಣವಾಗಿ ಬಳಸಿದುದರಿಂದ; ಅದಕ್ಕೆ ಮುಂಚೆ ಆ ಊರನ್ನು ‘ಹನ್ನೆರಡು ಬೀದಿ’ಯೆಂದು ಕರೆಯುತ್ತಿದ್ದರೆಂಬುದನ್ನು ಕೇಳಿದರೆ ಯಾವ ಕನ್ನಡಿಗನಿಗೂ ಅರ್ಥ ಬಿಡಿಸಿ ಹೇಳಬೇಕಾಗದು. ಬ್ರಿಟಿಷರ ಕಾಲದಲ್ಲಿ ಮದರಾಸು ಆಧಿಪತ್ಯದ ಮಲಬಾರು ಜಿಲ್ಲೆಗೆ ಸೇರಿದ್ದು, ೧೯೫೬ರಲ್ಲಿ ಕೇರಳಕ್ಕೆ ಬಂದು, ೧೯೮೦ರ ನವೆಂಬರ್ ೧ರಂದು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟು ಸಾಕು, ಪ್ರಕೃತ ವಿಷಯಕ್ಕೆ ಬರೋಣ.

ಹೊಯ್ಸಳರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಜನ್ನನು ಕ್ರಿ. ಶ. ೧೨೩೦ರಲ್ಲಿ ಅನಂತನಾಥನ ಪುರಾಣವನ್ನು ರಚಿಸಿದನು. ಕಲ್ಪೆಟ್ಟೆಯ ಬಸದಿಯ ಮೂಲನಾಯಕನ ಕಥೆ ನಮ್ಮ ಭಾಷೆಯಲ್ಲಿ ಕಾವ್ಯವಾದದ್ದು ಹೀಗೆ. ಆದರೆ ನಮ್ಮ ವಿಚಾರಕ್ಕೆ ಬೇಕಾದದ್ದು ಅದಕ್ಕೆ ಮುಂಚೆ, ೧೨೦೯ರಲ್ಲಿ, ಅವನು ಬರೆದ ಯಶೋಧರಚರಿತೆ. ಅದರ ಕಥೆ ಕನ್ನಡಿಗರಿಗೆ ಚಿರಪರಿಚಿತ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ನವಿಲು ನಾಯಿಗಳಾಗಿ ಮೊದಲ್ಗೊಂಡು ಕೋಳಿಗಳಾಗುವವರೆಗೆ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ನಡುವೆ ಒಂದು ಘೋರವಿಡಂಬನೆ ಬರುತ್ತದೆ: ಮಗನಾದ ಯಶೋಮತಿಯು ತಂದೆಯ ಹೆಸರಿನಲ್ಲಿ ಮಾಡುವ ಶ್ರಾದ್ಧದ ಅಡಿಗೆಗೆ ಒದಗುವುದು, ಬೇರೊಂದು ರೂಪದಲ್ಲಿ ಹುಟ್ಟಿಬಂದಿರುವ ಆ ತಂದೆಯ ಮಾಂಸವೇ. ತಿರುನೆಲ್ಲಿಯಂಥ ಕ್ಷೇತ್ರಗಳ ಆಚಾರವನ್ನು ಕುರಿತು ಜೈನರು ಮಾಡಿದ ಆಕ್ಷೇಪಗಳಲ್ಲೆಲ್ಲ ಇದಕ್ಕಿಂತ ತೀಕ್ಷ್ಣವಾದುದು ಇಲ್ಲವೆಂದು ನಮ್ಮ ಅಭಿಪ್ರಾಯ.

ಆದರೆ ಕಥೆಯ ನಿಜವಾದ ಕೌತುಕ ಚಂಡಕರ್ಮನೆಂಬ ತಳಾರನಲ್ಲಿದೆ. ಊರ ಕಾವಲಿನ ಅಧಿಕಾರಿಯಾದ ಇವನು ಉದ್ಯಾನದಲ್ಲಿ ಅಕಂಪನಮುನಿಯನ್ನು ಕಂಡು, ದೇಹಕ್ಕಿಂತ ಬೇರೆಯಾದ ಜೀವವೊಂದುಂಟೆಂಬ ಮಾತನ್ನು ಒಪ್ಪದೆ ವಾದಕ್ಕೆ ನಿಲ್ಲುತ್ತಾನೆ. ಇವನು ಶಾಸ್ತ್ರವನ್ನು ಓದಿದ ನಾಸ್ತಿಕನಲ್ಲ. ತನ್ನ ಕೈಗೆ ಸಿಕ್ಕಿದ ಕಳ್ಳರ ಮೇಲೆ ಪರೀಕ್ಷೆ ನಡೆಸಿದವನು. ಕಳ್ಳನನ್ನು ಗಾಳಿಯಾಡದಂತೆ ಮುಚ್ಚಿದೆಡೆಯಲ್ಲಿಟ್ಟು ಸಾಯಿಸಿದರೂ ಜೀವವು ಹೊರಬಿದ್ದ ಬಿರುಕು ಕಾಣಲಿಲ್ಲ. ಕೊಲ್ಲುವ ಮುನ್ನವೂ ಕೊಂದ ಮೇಲೆಯೂ ತೂಗಿದರೆ ತೂಕ ಬೇರೆಯಾಗಲಿಲ್ಲ. ತುಂಡುತುಂಡಾಗಿ ಕತ್ತರಿಸಿ ಹುಡುಕಿದರೂ ಜೀವವೆಂಬುದು ಕಣ್ಣಿಗೆ ಬೀಳಲಿಲ್ಲ. ಮುನಿಯ ಉತ್ತರಗಳು ಈ ಕಥಾಪರಂಪರೆಯಲ್ಲಿ ಪ್ರಸಿದ್ಧವಾದುವು. ಮುಚ್ಚಿದೆಡೆಯೊಳಗೆ ಕುಳಿತು ಶಂಖವನ್ನೂದಿದರೆ ಬಿರುಕಿಲ್ಲದೆಯೇ ನಾದವು ಹೊರಬರುವುದಿಲ್ಲವೆ? ಗಾಳಿ ತುಂಬಿದ ತಿದಿಗೂ ಗಾಳಿ ತೆಗೆದ ತಿದಿಗೂ ತಕ್ಕಡಿಯಲ್ಲಿ ಭೇದ ಕಾಣುವುದೆ? ಅರಣಿಯ ಕಟ್ಟಿಗೆಯನ್ನು ಸೀಳಿ ನೋಡಿದರೆ ಬೆಂಕಿ ಸಿಕ್ಕುವುದೆ?

ತಳಾರನ ಕ್ರೌರ್ಯವನ್ನು ಒತ್ತಟ್ಟಿಗಿಟ್ಟು ನೋಡಿದರೆ ಅವನ ಬುದ್ಧಿ ಮೆಚ್ಚತಕ್ಕದ್ದು. ಜೀವವು ವಸ್ತುವಾದರೆ ಅದಕ್ಕೆ ದಾರಿ ಬೇಕು, ತೂಕ ಬೇಕು, ರೂಪ ಬೇಕು. ಇವು ಮೂರನ್ನೂ ಅವನು ಬೇರೆಬೇರೆಯಾಗಿ ಹುಡುಕಿದನು. ಮುನಿಯ ಉತ್ತರವೂ ಜಾಣತನದ್ದೇ. ಆದರೆ ಉಪಮಾನಗಳ ಬಲವೆಷ್ಟೆಂಬುದನ್ನು ನಾವು ಅಳೆಯಬೇಡವೆ? ಕಾಣದಿರುವುದರಿಂದ ಇಲ್ಲವೆಂದು ಹೇಳಲಾಗದು ಎಂಬಷ್ಟನ್ನು ಶಂಖವೂ ತಿದಿಯೂ ಸ್ಥಾಪಿಸುತ್ತವೆ. ಉಂಟೆಂಬುದನ್ನು ಅವು ಸ್ಥಾಪಿಸಲಾರವು. ಗಾಳಿಗೂ ತೂಕವುಂಟೆಂಬುದು ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಪ್ರಯೋಗಗಳಿಂದ ನಿರ್ಧಾರವಾಯಿತು. ತಕ್ಕಡಿ ಸೂಕ್ಷ್ಮವಾಗಿದ್ದು, ಗಾಳಿಯನ್ನು ಒತ್ತಿ ತುಂಬಿದ್ದರೆ ಮುನಿಯ ತಿದಿಯೂ ಭೇದವನ್ನು ತೋರಿಸುತ್ತಿತ್ತು. ಅಂದಮೇಲೆ ಆ ದೃಷ್ಟಾಂತವು ಜೀವದ ಪರವಾಗಿ ನಿಲ್ಲುವುದಕ್ಕಿಂತ ಹೆಚ್ಚಾಗಿ ತಳಾರನ ತಕ್ಕಡಿಯ ಒರಟುತನವನ್ನೇ ತೋರಿಸುತ್ತದೆ.

ಈ ವಾದ ಜನ್ನನ ಕಲ್ಪನೆಯಲ್ಲ. ಬೌದ್ಧರ ದೀಘನಿಕಾಯದಲ್ಲಿ ಪಾಯಾಸಿಯೆಂಬ ಅರಸನೂ ಕುಮಾರಕಸ್ಸಪನೆಂಬ ಭಿಕ್ಷುವೂ ಇದೇ ವಾದವನ್ನು ನಡೆಸುತ್ತಾರೆ. ಶ್ವೇತಾಂಬರ ಜೈನರ ಆಗಮದಲ್ಲಿ ಪಯೇಸಿಯೂ ಕೇಶಿಯೂ ನಡೆಸುತ್ತಾರೆ. ಪಾಯಾಸಿಯು ಇನ್ನೊಂದು ಪರೀಕ್ಷೆಯನ್ನು ಸೇರಿಸಿದ್ದಾನೆ. ಸಾಯಲಿರುವ ಬಂಧುಗಳಿಗೆ, ಪರಲೋಕವಿದ್ದರೆ ಬಂದು ತಿಳಿಸಿರೆಂದು ಅವನು ಹೇಳಿ ಕಳುಹಿಸಿದನು, ಒಬ್ಬರೂ ಬರಲಿಲ್ಲ. ಸ್ವರ್ಗದ ಒಂದು ಹಗಲಿರುಳು ಮನುಷ್ಯರ ನೂರು ವರ್ಷ, ನಾಳೆ ಹೇಳಿದರಾಯಿತೆಂದು ಅವರು ಅಲ್ಲಿ ಕುಳಿತಿರುವಷ್ಟರಲ್ಲಿ ನೀನೇ ಇರುವುದಿಲ್ಲ ಎಂದು ಭಿಕ್ಷುವಿನ ಸಮಾಧಾನ. ಹಾಗಾದರೆ ಆ ಲೆಕ್ಕ ನಿಮಗೆ ಗೊತ್ತಾದದ್ದು ಹೇಗೆಂದು ಪಾಯಾಸಿ ಒಡನೆಯೇ ಕೇಳುತ್ತಾನೆ. ಅಲ್ಲಿಯೂ ತಕ್ಕಡಿಯ ಮಾತಿದೆ. ಕಾದ ಕಬ್ಬಿಣ ತಣ್ಣನೆಯ ಕಬ್ಬಿಣಕ್ಕಿಂತ ಹಗುರವೆಂದು ಭಿಕ್ಷುವಿನ ದೃಷ್ಟಾಂತ, ಅದು ನಿಜವಲ್ಲ. ಆದರೆ ಆ ಸೂತ್ರದಲ್ಲಿ ನಮ್ಮನ್ನು ಬಹಳವಾಗಿ ಸೆಳೆಯುವುದು ಇನ್ನೊಂದು ಮಾತು. ವಾದ ಮುಗಿಯುತ್ತ ಬಂದಾಗ ಪಾಯಾಸಿಯು, ನನ್ನ ಮತ ಇದೆಂದು ಕೋಸಲದ ಪಸೇನದಿಯೂ ಹೊರನಾಡಿನ ಅರಸರೂ ಬಲ್ಲರು, ಈಗ ಬಿಟ್ಟರೆ ಮೂಢನೆಂದು ನಗುವರು, ಎಂಬ ಅರ್ಥದಲ್ಲಿ ಹೇಳಿಕೊಳ್ಳುತ್ತಾನೆ. ಪ್ರತಿಷ್ಠೆಗಾಗಿ ಮತವನ್ನು ಹಿಡಿದಿರುವುದು ಶ್ರದ್ಧಾಳುಗಳಿಗೆ ಮಾತ್ರ ಮೀಸಲಾದ ದೋಷವಲ್ಲವೆಂಬುದನ್ನು ಆ ಪ್ರಾಚೀನರು ಕಂಡಿದ್ದರು.

ತಳಾರನ ತಕ್ಕಡಿ ಮತ್ತೆ ಕೆಲಸಕ್ಕೆ ಬಂದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ. ೧೯೦೭ರಲ್ಲಿ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯನು, ಸಾಯುತ್ತಿರುವ ಆರು ಮಂದಿ ರೋಗಿಗಳನ್ನು ಮಂಚದೊಡನೆ ತೂಗಿದ ವೃತ್ತಾಂತವನ್ನು ಪ್ರಕಟಿಸಿದನು. ಆತ್ಮದ ತೂಕ ೨೧ ಗ್ರಾಂ ಎಂದು ಲೋಕದಲ್ಲೆಲ್ಲ ಹಬ್ಬಿದ ಮಾತು ಆ ಆರರಲ್ಲಿ ಒಂದೇ ತೂಕದಿಂದ ಬಂದದ್ದು. ಉಳಿದವು ಒಂದಕ್ಕೊಂದು ಹೊಂದಲಿಲ್ಲ, ಕೆಲವನ್ನು ಅವನೇ ಕೈಬಿಟ್ಟನು. ಜನ್ನನ ತಳಾರನು ಭೇದವಿಲ್ಲವೆಂದು ಕಂಡುದನ್ನು ಕಂಡಂತೆ ಹೇಳಿದನು. ಇವರಿಬ್ಬರಲ್ಲಿ ಯಾರ ವರದಿ ಹೆಚ್ಚು ನಂಬತಕ್ಕದ್ದೆಂಬುದನ್ನು ಓದುಗರೇ ತೀರ್ಮಾನಿಸಲಿ.

ಇನ್ನು ದರ್ಶನಕಾರರ ವಾದ. ಚಾರ್ವಾಕನು ಪ್ರತ್ಯಕ್ಷವೊಂದೇ ಪ್ರಮಾಣವೆಂದನು; ವಿಜಯನಗರ ಕಾಲದ ಸರ್ವದರ್ಶನಸಂಗ್ರಹವು ಅವನ ಮತದಿಂದಲೇ ಆರಂಭವಾಗುತ್ತದೆ. ನೈಯಾಯಿಕರು ಅನುಮಾನವನ್ನು ಮುಂದಿಟ್ಟರು: ಹುಟ್ಟಿದ ಕೂಸು ಕಲಿಸದೆಯೇ ಮೊಲೆಹಾಲಿಗೆ ಬಾಯಿಡುವುದು ಹಿಂದಿನ ಜನ್ಮದ ಅಭ್ಯಾಸದಿಂದಲೇ ಹೊರತು ಬೇರೆಯಿಂದಲ್ಲ. ಇದಕ್ಕೆ ಇಂದಿನ ಜೀವಶಾಸ್ತ್ರವು ವಂಶಾನುಗತವಾದ ಸಹಜಪ್ರವೃತ್ತಿಯೆಂಬ ಬೇರೆ ಉತ್ತರವನ್ನು ಕೊಟ್ಟಿದೆ. ಆದಕಾರಣ ಆ ಹೇತುವು ಈಗ ದುರ್ಬಲವಾಗಿದೆ. ಆದರೆ ಇನ್ನೊಂದು ಭಿನ್ನಾಭಿಪ್ರಾಯ ಇಂದಿಗೂ ಹಳೆಯದಾಗಿಲ್ಲ. ನೈಯಾಯಿಕರು ಸ್ಮೃತಿಯನ್ನು, ಎಂದರೆ ನೆನಪನ್ನು, ಪ್ರಮಾಣಗಳ ಪಂಕ್ತಿಯಲ್ಲಿ ಕೂರಿಸಲಿಲ್ಲ. ಅದು ಹಿಂದಿನ ಅನುಭವದ ನೆರಳು ಮಾತ್ರವೆಂದರು. ಅಕಲಂಕದೇವನೇ ಮೊದಲಾದ ಜೈನತಾರ್ಕಿಕರು ಮಾತ್ರ ಸ್ಮೃತಿಯೂ ಪ್ರತ್ಯಭಿಜ್ಞೆಯೂ ಪರೋಕ್ಷಪ್ರಮಾಣಗಳೆಂದು ಒಪ್ಪಿದರು. ಜೈನಪುರಾಣಗಳಲ್ಲಿ ಜಾತಿಸ್ಮರಣೆ, ಎಂದರೆ ಪೂರ್ವಜನ್ಮದ ನೆನಪು, ಹೆಜ್ಜೆಹೆಜ್ಜೆಗೂ ಬರುವುದಕ್ಕೆ ಈ ಹಿನ್ನೆಲೆ ಉಂಟು. ಯಶೋಧರಚರಿತೆಯ ಕೋಳಿಗಳು ಮುನಿಯ ಮಾತನ್ನು ಕೇಳಿ ತಮ್ಮ ಹಿಂದಿನ ಭವಗಳನ್ನು ನೆನೆದು ಕೂಗಿ, ಆ ಕೂಗಿನ ದೆಸೆಯಿಂದಲೇ ಅರಸನ ಶಬ್ದವೇಧಿ ಬಾಣಕ್ಕೆ ಗುರಿಯಾಗುತ್ತವೆ.

ನೆನಪನ್ನು ನಂಬುವುದಾದರೆ ಅದನ್ನು ಪರೀಕ್ಷಿಸುವುದು ಹೇಗೆ? ಇದಕ್ಕೆ ಉತ್ತರದ ಒಂದು ಬೀಜ ಪಂಪನ ಆದಿಪುರಾಣದಲ್ಲಿ, ಕ್ರಿ. ಶ. ೯೪೧ರಲ್ಲಿಯೇ, ಇದೆ. ಅಲಕಾಪುರದ ಮಹಾಬಲನಿಗೆ ನಾಲ್ವರು ಮಂತ್ರಿಗಳು. ಮಹಾಮತಿಯು ಭೂತಚೈತನ್ಯವಾದಿ, ಸಂಭಿನ್ನಮತಿ ಶತಮತಿಗಳು ಬೌದ್ಧಮತದ ಎರಡು ಕವಲುಗಳನ್ನು ಹಿಡಿದವರು, ಸ್ವಯಂಬುದ್ಧನು ಜೈನ. ಓಲಗದಲ್ಲಿ ನಡೆದ ವಾದದಲ್ಲಿ ಸ್ವಯಂಬುದ್ಧನು ಗೆದ್ದನೆಂಬುದನ್ನು ಹೇಳಬೇಕಾಗಿಲ್ಲ, ಕವಿಯೇ ಜೈನನಲ್ಲವೆ. ಆದರೆ ವಾದದಿಂದಲೇ ಕೆಲಸ ಮುಗಿಯಲಿಲ್ಲ. ಆಮೇಲೆ ಚಾರಣಮುನಿಗಳು ಸ್ವಯಂಬುದ್ಧನಿಗೆ, ನಿನ್ನ ಅರಸನು ಎರಡು ಕನಸುಗಳನ್ನು ಕಂಡಿದ್ದಾನೆ, ಅವನು ಬಾಯಿಬಿಡುವ ಮುನ್ನವೇ ನೀನು ಅವನ್ನು ಹೇಳು, ಆಗ ನಂಬುತ್ತಾನೆ ಎಂದು ಸೂಚಿಸುತ್ತಾರೆ. ಈ ‘ಮುನ್ನವೇ’ ಎಂಬ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಕಂಡವನು ಹೇಳಿದ ಮೇಲೆ ಹೌದೆನ್ನುವುದಕ್ಕೂ, ಅವನು ಹೇಳುವ ಮೊದಲೇ ಹೇಳುವುದಕ್ಕೂ ಇರುವ ಅಂತರವೇ ಸಾಕ್ಷ್ಯವಿಚಾರದ ತಿರುಳು.

ಆಧುನಿಕ ಕಾಲದಲ್ಲಿ ಈ ತಿರುಳು ಎಲ್ಲಿ ತಪ್ಪಿಹೋಗುತ್ತದೆಂಬುದಕ್ಕೆ ದಿಲ್ಲಿಯ ಶಾಂತಿದೇವಿಯ ಪ್ರಕರಣವೇ ನಿದರ್ಶನ. ೧೯೨೬ರಲ್ಲಿ ಹುಟ್ಟಿದ ಈ ಬಾಲಿಕೆಯು ತಾನು ಹಿಂದೆ ಮಥುರೆಯಲ್ಲಿದ್ದ ಲುಗ್ಡಿಯೆಂಬ ಗೃಹಿಣಿಯೆಂದು ಹೇಳತೊಡಗಿದಳು. ಆ ಹೆಸರಿನ ಸ್ತ್ರೀಯೊಬ್ಬಳು ೧೯೨೫ರಲ್ಲಿ ಅಲ್ಲಿ ತೀರಿಕೊಂಡಿದ್ದುದು ನಿಜ. ೧೯೩೫ರ ನವೆಂಬರಿನಲ್ಲಿ ಗಣ್ಯರ ಸಮಿತಿಯೊಂದು ಅವಳನ್ನು ಮಥುರೆಗೆ ಕರೆದುಕೊಂಡು ಹೋಯಿತು. ೧೯೩೬ರ ವರದಿಯಲ್ಲಿ ಬಾಲಿಕೆಯ ಮಾತು ದಿಟವೆಂಬ ಅಭಿಪ್ರಾಯ ಹೊರಬಂದಿತು. ಆದರೆ ಸಮಿತಿಯು ಹೊರಡುವ ಮುನ್ನವೇ ಮಥುರೆಗೆ ಪತ್ರ ಹೋಗಿತ್ತು; ಲುಗ್ಡಿಯ ಪತಿಯೂ ಬಂಧುವೂ ದಿಲ್ಲಿಗೆ ಬಂದು ಬಾಲಿಕೆಯನ್ನು ಕಂಡು ಮಾತಾಡಿದ್ದರು. ಆಮೇಲೆ ಅವಳಿಗೆ ಗೊತ್ತಿದ್ದುದರಲ್ಲಿ ಯಾವುದು ಹಿಂದಿನಿಂದ ಬಂದದ್ದು, ಯಾವುದು ಅತಿಥಿಗಳಿಂದ ಬಂದದ್ದು ಎಂದು ಬೇರ್ಪಡಿಸುವವರು ಯಾರು? ಬಾಲಚಂದ ನಹಟಾ ಅವರು ಅದೇ ಕಾಲದಲ್ಲಿ ಹಿಂದಿಯಲ್ಲಿ ಬರೆದ ವಿಮರ್ಶೆಯಲ್ಲಿ, ದೊರೆತ ಸಾಮಗ್ರಿಯಿಂದ ಪುನರ್ಜನ್ಮವನ್ನು ನಿರ್ಣಯಿಸಲಾಗದೆಂದು ಹೇಳಿದರು. ವರದಿಯನ್ನು ಕೇಳಿದವರೆಷ್ಟೋ, ವಿಮರ್ಶೆಯನ್ನು ಕೇಳಿದವರು ಬಹಳ ವಿರಳ.

ಈ ವಿಷಯವನ್ನು ಶಾಸ್ತ್ರೀಯ ಶಿಸ್ತಿಗೆ ತರಲೆತ್ನಿಸಿದವರು ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯನ್ ಸ್ಟೀವನ್‌ಸನ್. ೧೯೬೧ರಲ್ಲಿ ಅವರು ಮೊದಲ ಬಾರಿಗೆ ಭಾರತಕ್ಕೂ ಸಿಂಹಳಕ್ಕೂ ಬಂದರು. ೧೯೬೬ರಲ್ಲಿ ಇಪ್ಪತ್ತು ಪ್ರಕರಣಗಳ ಗ್ರಂಥ ಹೊರಬಂದಿತು. ಅದರ ಹೆಸರಿನಲ್ಲಿ ಪುನರ್ಜನ್ಮವನ್ನು ‘ಸೂಚಿಸುವ’ ಪ್ರಕರಣಗಳೆಂದಿದೆಯೇ ಹೊರತು ಸಾಧಿಸುವ ಎಂದಿಲ್ಲ. ಸಾಕ್ಷಿಗಳನ್ನು ಬೇರೆಬೇರೆಯಾಗಿ ವಿಚಾರಿಸುವುದು, ಒಂದೇ ಮನೆಗೆ ವರ್ಷಗಳ ಮೇಲೆ ಮತ್ತೆ ಹೋಗುವುದು, ಒಪ್ಪದ ಮಾತನ್ನೂ ಬರೆದಿಡುವುದು, ಇವೆಲ್ಲ ಅವರ ಗುಣಗಳು. ಅವರು ಸಂಗ್ರಹಿಸಿದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಮಗುವು ಎರಡರಿಂದ ನಾಲ್ಕು ವರ್ಷದೊಳಗೆ ಮಾತು ತೊಡಗಿ, ಐದರಿಂದ ಎಂಟರೊಳಗೆ ಮರೆಯುತ್ತದೆ. ನೆನಪಿನ ಮೂಲದಲ್ಲಿ ಅಪಘಾತ, ಕೊಲೆ, ಅಕಾಲಮೃತ್ಯುಗಳು ಹೆಚ್ಚು. ಆದರೂ ಬಹುಪಾಲು ಪ್ರಕರಣಗಳಲ್ಲಿ ಅವರು ಊರಿಗೆ ಬರುವಷ್ಟರಲ್ಲಿ ಎರಡು ಮನೆಯವರೂ ಭೇಟಿಯಾಗಿದ್ದರು. ಮಗುವಿನ ಮಾತನ್ನು ಶೋಧನೆಗೆ ಮುನ್ನವೇ ಬರೆದಿಟ್ಟ ಪ್ರಕರಣಗಳು ಬೆರಳೆಣಿಕೆಯವು. ಮದರಾಸು ಕ್ರಿಶ್ಚಿಯನ್ ಕಾಲೇಜಿನ ತತ್ತ್ವಶಾಸ್ತ್ರಜ್ಞ ಸಿ. ಟಿ. ಕೆ. ಚಾರಿಯವರು, ಇಂಥ ಕಥನಗಳು ಸಮಾಜದ ನಂಬಿಕೆಯ ಅಚ್ಚಿನಲ್ಲಿ ಎರಕಗೊಳ್ಳುತ್ತವೆಂದು ಆಕ್ಷೇಪಿಸಿದರು.

ಸ್ಟೀವನ್‌ಸನ್ನರ ಕೆಲಸವನ್ನು ನಮ್ಮ ದೇಶದಲ್ಲಿ ಮುಂದುವರಿಸಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಚಿಕಿತ್ಸಾ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ. ಅವರೂ ಸಹೋದ್ಯೋಗಿಯೊಬ್ಬರೂ ಆಗ್ರಾ ಜಿಲ್ಲೆಯ ಫತೇಹಾಬಾದಿನ ಹಳ್ಳಿಗಳಲ್ಲಿ ನಡೆಸಿ ೧೯೭೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಮಾರು ೫೦೦ ಜನರಿಗೆ ಒಂದರಂತೆ ಇಂಥ ಪ್ರಕರಣಗಳು ಕಂಡುಬಂದವು. ಅವರ ಗ್ರಂಥ ೧೯೯೦ರಲ್ಲಿ ಬಂದಿತು. ೨೦೦೧ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನ ನಮಗೆ ನೇರವಾಗಿ ಸಂಬಂಧಪಟ್ಟದ್ದು: ದಕ್ಷಿಣಭಾರತದಲ್ಲಿ ಇಂಥ ವರದಿಗಳು ಇಷ್ಟು ವಿರಳವೇಕೆ ಎಂಬುದೇ ಅದರ ಪ್ರಶ್ನೆ.

ಈ ಪ್ರಶ್ನೆಯ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಪುನರ್ಜನ್ಮವು ನಿಸರ್ಗನಿಯಮವಾದರೆ ವಿಂಧ್ಯದ ಉತ್ತರದಲ್ಲಿ ಹೆಚ್ಚಾಗಿಯೂ ದಕ್ಷಿಣದಲ್ಲಿ ಕಡಿಮೆಯಾಗಿಯೂ ನೆನಪಿಗೆ ಬರುವುದೇಕೆ? ಸಂಶಯಿಯು ಇದನ್ನು ಕೇಳಿ, ಕಥೆ ಹೇಳುವ ರೂಢಿ ಇದ್ದಲ್ಲಿ ಪ್ರಕರಣ ಹುಟ್ಟುತ್ತದೆಂದು ಮುಗಿಸಿಬಿಡುತ್ತಾನೆ. ಆದರೆ ನಂಬಿಕೆಯೇ ಪ್ರಕರಣವನ್ನು ಹುಟ್ಟಿಸುವುದಾದರೆ ವಯನಾಡಿನಲ್ಲಿ ಅವು ತುಂಬಿ ತುಳುಕಬೇಕಾಗಿತ್ತು. ಒಂದು ಕಡೆ ಭವಾವಳಿಗಳನ್ನು ಕೇಳಿ ಬೆಳೆದ ಜೈನರು, ಇನ್ನೊಂದು ಕಡೆ ಪಾಪನಾಶಿನಿ. ಜಾತಿಸ್ಮರಣೆಯ ಕಾವ್ಯವಂತೂ ನಮ್ಮ ಭಾಷೆಯಲ್ಲಿರುವಷ್ಟು ಯಾವ ಭಾಷೆಯಲ್ಲಿದೆ? ಹಾಗಾದರೆ ನಂಬಿಕೆಯೊಂದರಿಂದಲೇ ಆಗಲಿಲ್ಲ. ಶ್ರದ್ಧಾಳುವು, ನೆನಪು ಇಲ್ಲಿಯೂ ಇದೆ, ಹೇಳುವವರಿಲ್ಲ ಎನ್ನಬಹುದು. ಹಿಂದಿನ ಜನ್ಮವನ್ನು ನೆನೆವ ಮಗು ಬಾಳದೆಂಬ ಭಯದಿಂದ ಮಗುವಿನ ಬಾಯಿ ಮುಚ್ಚಿಸುವ ರೂಢಿಯು ಉತ್ತರದಲ್ಲಿಯೂ ಇದೆಯೆಂದು ಸ್ಟೀವನ್‌ಸನ್ನರೇ ಬರೆದಿದ್ದಾರೆ. ಅಲ್ಲಿ ಮುಚ್ಚಿಸಿದರೂ ಹೊರಬೀಳುವ ಮಾತು ಇಲ್ಲಿ ಏಕೆ ಬೀಳದು?

ನಮ್ಮ ಊಹೆ ಇಷ್ಟು. ಈ ಸೀಮೆಯಲ್ಲಿ ಸತ್ತವರೊಡನೆ ವ್ಯವಹರಿಸುವ ದಾರಿಗಳು ಬೇರೆ. ತುಳುನಾಡಿನಲ್ಲಿ ಹಿರಿಯರಿಗೆ ಎಡೆಯಿಡುವರು. ಕೊಡಗಿನಲ್ಲಿ ಕಾರಣವರಿಗೆ ಕೊಡುವರು. ವಯನಾಡಿನ ಗಿರಿಜನರಲ್ಲಿಯೂ ಗತಿಸಿದ ಹಿರಿಯರು ದೂರ ಹೋದವರಲ್ಲ, ಕರೆದರೆ ಓಗೊಡುವವರು. ಅಜ್ಜನು ಮನೆಯ ಕೋಣೆಯಲ್ಲಿಯೇ ಇರುವನೆಂದು ಬಲ್ಲ ಮನೆಯವರು, ಅವನು ನೆರೆಯೂರಿನ ಮಗುವಾಗಿ ಹುಟ್ಟಿರುವನೆಂದು ಹುಡುಕುವುದಿಲ್ಲ. ಮಗುವಿನ ತೊದಲುಮಾತಿನಲ್ಲಿ ಯಾವುದನ್ನು ಕಿವಿಗೊಟ್ಟು ಕೇಳಬೇಕು, ಯಾವುದನ್ನು ನಕ್ಕು ಬಿಡಬೇಕು ಎಂಬುದನ್ನು ಹಿರಿಯರ ಈ ಎಣಿಕೆಯೇ ನಿರ್ಧರಿಸುತ್ತದೆ. ಇದು ಪುನರ್ಜನ್ಮವಿಲ್ಲವೆಂಬುದಕ್ಕೆ ಸಾಧಕವಲ್ಲ. ಪ್ರಕರಣಗಳ ಸಂಖ್ಯೆಯು ಅದಕ್ಕೆ ಸಾಧಕವಲ್ಲವೆಂಬುದನ್ನು ಮಾತ್ರ ತೋರಿಸುತ್ತದೆ.

ಕೊಡಗಿನ ಗಡಿಗೆ ತಾಗಿದ ಬೈಲುಕುಪ್ಪೆಯಲ್ಲಿ ಮೂರನೆಯ ರೀತಿಯೊಂದನ್ನು ಕಾಣಬಹುದು. ೧೯೬೦ರ ಸುಮಾರಿಗೆ ಅಲ್ಲಿ ನೆಲೆಗೊಂಡ ಟಿಬೆಟ್ಟಿನವರಲ್ಲಿ ಗುರುವಿನ ಅವತಾರವೆನಿಸಿದ ಮಗುವನ್ನು ಗುರುತಿಸುವ ಪದ್ಧತಿಯಿದೆ. ಗತಿಸಿದ ಗುರುವಿನ ಗಂಟೆ, ಜಪಮಾಲೆಗಳನ್ನು ಇತರ ವಸ್ತುಗಳೊಡನೆ ಬೆರೆಸಿಟ್ಟು ಆರಿಸಹೇಳುವರು. ಪರೀಕ್ಷೆಯ ಆಕಾರ ಒಳ್ಳೆಯದು. ಎದುರಿಗೆ ಕುಳಿತವರಿಗೆ ಉತ್ತರ ಗೊತ್ತಿರುವುದೇ ಅದರ ಕುಂದು; ಎಳೆಯ ಮಗು ಹಿರಿಯರ ಕಣ್ಣುಗಳನ್ನು ಓದಬಲ್ಲದು. ಸ್ಪೇನ್ ದೇಶದಲ್ಲಿ ೧೯೮೫ರಲ್ಲಿ ಹುಟ್ಟಿ, ಲಾಮಾ ಥುಬ್ತೆನ್ ಯೇಶೆಯವರ ಅವತಾರವೆಂದು ಮರುವರ್ಷವೇ ಗುರುತಿಸಲ್ಪಟ್ಟ ಓಸೆಲ್ ಎಂಬವರು ಬೈಲುಕುಪ್ಪೆಯ ಸೇರಾ ವಿಹಾರದಲ್ಲಿ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಕಾಷಾಯವನ್ನು ಬಿಟ್ಟು ಹೊರನಡೆದದ್ದು ಲೋಕಕ್ಕೆ ಗೊತ್ತಿದೆ. ಇತರರ ನಂಬಿಕೆಯನ್ನು ಹೊರಬೇಕಾದ ಮಗುವಿನ ಪಾಡು ಏನೆಂಬುದೂ ಈ ಚರ್ಚೆಯಲ್ಲಿ ಸೇರಬೇಕು. ವಾದಿ ಪ್ರತಿವಾದಿಗಳಿಬ್ಬರೂ ಅದನ್ನು ಮರೆಯುವುದೇ ಹೆಚ್ಚು.

ಸಂಶಯಪಕ್ಷಕ್ಕೂ ನಮ್ಮ ಸುತ್ತಿನಲ್ಲಿ ಹಿರಿಯ ಹೆಸರುಗಳಿವೆ. ತ್ರಿವಾಂಕೂರಿನ ತಿರುವಲ್ಲದಲ್ಲಿ ೧೮೯೮ರಲ್ಲಿ ಹುಟ್ಟಿ ಸಿಂಹಳದಲ್ಲಿ ಬಾಳಿದ ಅಬ್ರಹಾಂ ಕೋವೂರರು ಪುನರ್ಜನ್ಮದ ಕಥೆಗಳನ್ನು ನೇರವಾಗಿ ಎದುರಿಸಿದವರು. ಕೋಳಿಕೋಡಿನ ಬಿ. ಪ್ರೇಮಾನಂದರು ಅವರ ಪಂಥಾಹ್ವಾನವನ್ನು ಮುಂದುವರಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಸ್ಥಾಪಿಸಿದ ಸಮಿತಿಯ ಹೆಸರಿನಲ್ಲಿ ಪವಾಡಗಳೊಡನೆ ‘ಪರೀಕ್ಷಾಯೋಗ್ಯವಾದ’ ಮೂಢನಂಬಿಕೆಗಳೆಂಬ ಮಾತಿತ್ತು. ಆ ವಿಶೇಷಣ ಬಹಳ ಯೋಚಿಸಿ ಇಟ್ಟದ್ದೆಂದು ನಮ್ಮ ಎಣಿಕೆ. ಜೀವವು ಕೆಲವು ಸಮಯಗಳಲ್ಲಿ ದೇಹಾಂತರವನ್ನು ಹೊಂದುವುದೆಂಬುದು ಪರೀಕ್ಷೆಗೆ ಸಿಕ್ಕುವ ಮಾತಲ್ಲ. ಇಂಥ ಮಗು ಇಂಥ ಊರಿನ ಇಂಥವನಾಗಿದ್ದೆನೆಂದರೆ ಅದು ಸಿಕ್ಕುವ ಮಾತು. ಮೊದಲನೆಯದನ್ನು ಹೀಯಾಳಿಸಿ ಕಾಲ ಕಳೆಯುವ ಸಂಶಯಿಯೂ, ಎರಡನೆಯದನ್ನು ಪರೀಕ್ಷಿಸಬೇಡಿರೆನ್ನುವ ಶ್ರದ್ಧಾಳುವೂ ನಮಗೆ ಒಪ್ಪಿಗೆಯಾಗರು.

ಇದೆಲ್ಲ ಪಂಡಿತರ ಹರಟೆಯಾಗಿ ಉಳಿದಿದ್ದರೆ ನಾವು ಈ ಪುಟಗಳನ್ನು ತುಂಬುತ್ತಿರಲಿಲ್ಲ. ೨೦೨೪ರ ಜುಲೈ ೩೦ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಚೂರಲ್‌ಮಲೆಗಳ ಮೇಲೆ ಬೆಟ್ಟ ಜರಿದು ೨೫೦ಕ್ಕೂ ಮಿಕ್ಕ ಜನ ಮಡಿದರು. ಮಡಿದವರಲ್ಲಿ ದುಡಿಮೆಗಾಗಿ ಬಂದು ನೆಲೆಸಿದ್ದ ಕನ್ನಡಿಗರೂ ಇದ್ದರು. ಎಷ್ಟೋ ಶರೀರಗಳು ಚಾಲಿಯಾರಿನಲ್ಲಿ ಕೊಚ್ಚಿ ನಿಲಂಬೂರಿನ ಕಡೆ ದೊರೆತವು. ಗುರುತು ಹಿಡಿಯಲಾಗದವನ್ನು ಪುತ್ತುಮಲೆಯಲ್ಲಿ ಸರ್ವಮತಗಳ ಪ್ರಾರ್ಥನೆಯೊಡನೆ ಮಣ್ಣುಮಾಡಿ, ಹೆಸರಿನ ಬದಲು ಸಂಖ್ಯೆಯನ್ನು ನೆಟ್ಟರು. ಮುಂದೆ ರಕ್ತಸಂಬಂಧಿಗಳ ಡಿ. ಎನ್. ಎ. ಪರೀಕ್ಷೆಯಿಂದ ಕೆಲವು ಸಂಖ್ಯೆಗಳಿಗೆ ಹೆಸರು ಬಂದಿತು. ಅದಾದ ಕೆಲವೇ ದಿನಗಳಲ್ಲಿ ಕರ್ಕಾಟಕ ಅಮಾವಾಸ್ಯೆ. ಶರೀರವೇ ಸಿಕ್ಕದ ಮನೆಯವರಿಗೆ ಬಲಿಯನ್ನಿಕ್ಕಲು ‘ತೀರಿಕೊಂಡರು’ ಎಂಬ ನಿಶ್ಚಯವಾದರೂ ಎಲ್ಲಿಂದ ಬರಬೇಕು? ಇಲ್ಲಿ ಪ್ರಮಾಣವೆಂಬುದು ತರ್ಕಶಾಸ್ತ್ರದ ಶಬ್ದವಲ್ಲ. ಒಬ್ಬ ತಾಯಿಗೆ ಯಾವ ಗುಂಡಿಯ ಬಳಿ ನಿಂತು ಅಳಬೇಕೆಂದು ತಿಳಿಸುವ ಕಾಗದ.

ಅಕಾಲಮೃತ್ಯು, ಸಿಕ್ಕದ ಶರೀರ, ಮುಗಿಯದ ದುಃಖ: ಸ್ಟೀವನ್‌ಸನ್ನರ ಪ್ರಕರಣಗಳಿಗೆ ಮಣ್ಣಾದವು ಇವೇ. ಮುಂದೆಂದಾದರೂ ಈ ಸೀಮೆಯ ಒಂದು ಮಗು, ತನ್ನ ಮನೆಯನ್ನು ಬೆಟ್ಟ ನುಂಗಿತೆಂದು ಹೇಳಿದರೆ, ಕೇಳಿದವರ ಕರುಳು ಕರಗುವುದು ಸಹಜ. ಆ ಸಂಕಟವನ್ನು ದುಡಿಸಿಕೊಳ್ಳುವವರು ಬರುವುದೂ ಅಸಂಭವವಲ್ಲ. ಅಂಥಲ್ಲಿ ಮಗುವನ್ನು ಗದರಿಸಲೂ ಬೇಡ, ಮೆರವಣಿಗೆ ಮಾಡಲೂ ಬೇಡ. ಅದು ಆಡಿದ ಮಾತನ್ನು ಆಡಿದ ಭಾಷೆಯಲ್ಲಿಯೇ, ತಿದ್ದದೆ, ದಿನಾಂಕದೊಡನೆ ಬರೆದು, ಮನೆಗೆ ಸಂಬಂಧವಿಲ್ಲದ ಇಬ್ಬರ ರುಜು ಹಾಕಿಸಿ ಇಡಬೇಕು. ಕೇಳಿದ ಪ್ರಶ್ನೆಗಳನ್ನೂ ಬರೆಯಬೇಕು, ತಪ್ಪಿದ ಮಾತುಗಳನ್ನಂತೂ ಬಿಡದೆ ಬರೆಯಬೇಕು. ಆ ಊರಿನವರನ್ನು ಹುಡುಕುವುದೂ ಭೇಟಿ ಮಾಡಿಸುವುದೂ ಇದೆಲ್ಲ ಆದ ಮೇಲಿನ ಕೆಲಸ.